ಕಿರೀಟ ಇದ್ರ ತಾಯಿ, ಇಳಿಸಿದ್ರ ದೂರ ಸರಿ

ದೇವಿ ಪಾತ್ರ ಮಾಡೋರಿಗೆ ಫಜೀತಿ ತಪ್ಪಿದ್ದಲ್ಲ ಬಿಡ್ರಿ. ಒಂದೂರಿಂದು ಮರೆತು ಮುಂದಿನ ಊರಿಗೆ ಹೋದ್ರ ಅಲ್ಲಿ ಇನ್ನೊಂದು ಕಾದಿರ್ತಿತ್ತು. ಎಮರ್ಜೆನ್ಸಿ ಮುಗಿದ ಮ್ಯಾಲೆ ಎಂಟ್ಹತ್ತು ವರ್ಷ ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಸೀಮ್ಯಾಗ ಎಲ್ಲಿ ಬಯಲಾಟ ಆಡಿದ್ರೂ ದೇವಿ ಪಾತ್ರಕ್ಕ ನನ್ನೇ ಕರೆಸ್ತಿದ್ರು. ಉಳಿದ ಪಾತ್ರ ಊರವರವು. ಹಾಡೋ ಹೆಣ್ಣು ಮಾತ್ರ ನಮ್ಮ ಕೇರಿಯಿಂದ ಬರಬೇಕು.

ನಮ್ಮ ದೇವಿ ಆಟ ಅಟ್ಟದ ಮ್ಯಾಲೆ ಮುಗಿಯೋದಲ್ಲ. ಹಾರ್ಮೋನಿಯಂ, ಮದ್ದಳಿಯವರನ್ನ ಬೆನ್ನಿಗಿಟ್ಕೊಂಡು ದೇವಿ ಜನರ ನಡುವೇ ಇಳೀತಾಳ, ರಾಕ್ಷಸನ್ನ ಓಣಿ ಓಣಿ ಅಟ್ಟಾಡಿಸ್ತಾಳ, ಊರಿಗೆ ಊರೇ ಆರತಿ ಹಿಡ್ಕೊಂಡು ಹಿಂದ ಓಡ್ತೈತಿ. ಆಗ ಆಡೋರು ಯಾರು, ನೋಡೋರು ಯಾರು ಒಂದೂ ತಿಳಿಯಂಗಿಲ್ಲ. ಕಿರೀಟ ಇರೋತನಕ ನಾನು ತಾಯಿ, ಇಳಿಸಿದ್ರ ದೂರ ಸರಿ. ಯಾವ ತಾಯಿ ಕಥಿ ಹಾಡಿ ಹಾಡಿ ಗಂಟಲು ಹರಕೊಂಡಿದ್ನೋ, ಅಕಿ ಮಾರಿ ಮಾತ್ರ ನಾನು ಒಂದಿನಾನೂ ನೋಡಿರಲಿಲ್ಲ. ಗುಡಿ ಹೊರಗ ನಿಂತು ಗಂಟಿ ಶಬ್ದ ಕೇಳಿದ್ದೇ ಬಂತು. ಆ ಕಿಚ್ಚು ಹೊಟ್ಟ್ಯಾಗ ಇತ್ತು.

ಚಹಾದಂಗಡಿ

ಹಡಗಲಿ ಕಡೆ ಒಂದೂರು. ಚಹಾದಂಗಡಿಯಾಂವ ಹೆಂಡ್ತಿ ಮಕ್ಕಳನ್ನ ಕಟ್ಕೊಂಡು ಬಂದು ಆಟದಾಗ ನನ್ನ ಕಾಲಿಗೆ ಬಿದ್ದ. ಬೆಳ್ಳಿ ಲೋಟದಾಗ ಹಾಲು ಕೊಟ್ಟು, ನಮ್ಮ ಅಂಗಡಿ ಕಾಯವ್ವ ಅಂದ. ಆತು, ಕಾಯ್ತೀನಿ ಅಂದೆ.

ಬೆಳಿಗ್ಗೆ ಬಣ್ಣ ತೊಳ್ಕೊಂಡು ಅದೇ ಅಂಗಡಿಗೆ ಹೋದ್ರ, ಹೊರಗಿನ ಗೂಡಿನಾಗ ನಮ್ಮ ಕೇರಿಯವರಿಗಂತ ಇಟ್ಟ ಲೋಟ ತೋರಿಸಿ, ತೊಳ್ಕೊಂಡು ಹಿಡಿ ಅಂದ. ನಾನು ಚೀಲ ಬಿಚ್ಚಿ ಕಿರೀಟ ತೆಗೆದೆ, ತಲಿ ಮ್ಯಾಲೆ ಇಟ್ಕೊಂಡೆ, ಒಳಗಿನ ಬೆಂಚಿನ ಮ್ಯಾಲೆ ಹೋಗಿ ಕುಂತೆ.

“ಈಗ ಯಾವ ಲೋಟದಾಗ ಕೊಡ್ತೀರಿ?” ಅಂದೆ.

ಗಿರಾಕಿಗಳೆಲ್ಲ ಅವನ ಮಾರಿ ನೋಡಿದ್ರು. ಬೆವರು ಒರಸ್ಕೊಂಡು ಒಳಗ ಹೋಗಿ ಬೆಳ್ಳಿ ಲೋಟದಾಗ ಚಹಾ ತಂದ. ಕುಡಿದು ಹೊಂಟಾಗ ರೊಕ್ಕ ಕೇಳಾಕ ಬಾಯಿ ತೆರೆದ, ಕಿರೀಟ ನೋಡಿದ, ಮುಚ್ಕೊಂಡ.

ಟಗರಿನ ಮರಿ

ಕೊಟ್ಟೂರು ಕಡೆ ಒಂದೂರಾಗ ಕುರಿ ಕಾಯೋ ಹಿರಿಯ ಒಬ್ಬಾಂವ, ನಾನು ಜನರ ನಡುವೆ ಸಿಟ್ಟಿನ ಪದ ಹಾಡ್ಕೊಂತ ಬರೋವಾಗ ಒಂದು ಟಗರಿನ ಮರಿ ತಂದು ಪಾದದ ಹತ್ರ ಬಿಟ್ಟ. ನನ್ನ ನಡುವಿನ ತುಂಬ ಬೇವಿನ ಸೊಪ್ಪು ಕಟ್ಟಿತ್ತು. ಮರಿ ಮುಂಗಾಲು ಎತ್ತಿ ಅದನ್ನ ಮೇಯಾಕ ಶುರು ಮಾಡ್ತು. ಮ್ಯಾಲೆ ನಾನು ಕಣ್ಣು ಕೆಂಪಗ ಮಾಡಿ ರಾಕ್ಷಸನ್ನ ಸೀಳಿಬಿಡ್ತೀನಿ ಅಂತ ಹಾಡ್ತಿದ್ರ, ಕೆಳಗ ಅದು ಕಟಂ ಕಟಂ ಅಗೀತಿತ್ತು. ಹಾರ್ಮೋನಿಯಂ ಮಾಸ್ತರು ನಿಲ್ಲಿಸಬ್ಯಾಡ ಅಂತ ಕಣ್ಣು ಬಿಟ್ರು. ರಾಕ್ಷಸ ನಕ್ಕು ನಕ್ಕು ಅವನ ಅಂಟಿಸಿದ ಮೀಸಿ ಕಳಚಿ ಬಿತ್ತು.

ಹಿರಿಯಗ ಸಿಟ್ಟು ಬಂತು.

“ನಗಬ್ಯಾಡ್ರಲೇ. ಬರೋ ವರ್ಷ ಈ ಮರೀನ ದೇವಿಗೆ ಕೊಡಬೇಕಂತ ಹರಕಿ ಹೊತ್ತೀನಿ. ಅದಕ್ಕೂ ಗೊತ್ತಾಗೈತಿ. ಅಕಿ ತನ್ನ ತಿನ್ನೋದ್ರೊಳಗ ಅದೇ ಅಕಿನ್ನ ತಿಂದು ಮುಗಿಸಾಕ ಹತ್ತೈತಿ.”

ತಾಲೀಮು

ಹರಪನಹಳ್ಳಿ ಹತ್ರದ ಅರಸೀಕೆರಿ ಕಡೆ ಒಂದು ಹಳ್ಳ್ಯಾಗ ಊರ ಗೌಡನೇ ರಾಕ್ಷಸ. ಆಳು ದೊಡ್ಡಾಂವ, ದನಿ ಅದಕ್ಕಿಂತ ದೊಡ್ಡದು. ತಾಲೀಮಿನಾಗ ನನ್ನ ಕಡೆ ನೋಡದಂಗ ಮಾಸ್ತರಿಗೆ ಹೇಳಿದ: ಓಣಿಯೆಲ್ಲ ಬೇಕಾದಂಗ ಓಡಾಡ್ಲಿ, ಗುಡಿ ಮೆಟ್ಟಿಲು ಮಾತ್ರ ಅಕಿ ತುಳಿಯಂಗಿಲ್ಲ, ಮುಂದಿನ ಬಯಲಾಗೇ ನನ್ನ ಕೊಲ್ಲಲಿ.

ದೇವಿಗೇ ಗುಡಿ ಬ್ಯಾಡಂದ್ರ ಹೆಂಗ್ರಿ ಗೌಡ್ರ ಅಂತ ನಾನೇ ಕೇಳಿದೆ. ಪಾತ್ರ ಬ್ಯಾರೆ, ನೀನು ಬ್ಯಾರೆ ಅಂದ.

“ಹಂಗಾದ್ರ ಕತ್ತಿ ಏಟು ಯಾರಿಗೆ ಹಾಕ್ಲಿ, ಪಾತ್ರಕ್ಕೋ ನಿಮಗೋ?”

ಎಲ್ಲರೂ ನಕ್ಕರು, ಅವನೂ ನಕ್ಕ. ಮರುದಿನ ತಾಲೀಮಿಗೆ ಬಂದಾಂವ ಮೊದಲು ನನ್ನ ಕತ್ತಿ ಕಟಿಗೀದೋ ಕಬ್ಬಿಣದ್ದೋ ಅಂತ ಮುಟ್ಟಿ ನೋಡಿದ.

ಗುಡಿ

ಆಟದ ದಿನ ಮೂಡಲ ಬೆಳ್ಳಗಾಗೋ ಹೊತ್ತಿಗೆ ಬೆನ್ನಟ್ಟೋದು ಶುರುವಾತು. ಗೌಡ ಬಯಲಿಗೆ ಬಂದು ಬೀಳಬೇಕಿತ್ತು. ಜನರ ಕೇಕಿ ಕೇಳಿ ಹುರುಪೆದ್ದು, ನಾನು ಬರಲಾರದ ಜಾಗ ಅಂತ ಮೆಟ್ಟಿಲು ಹತ್ತಿ ಗುಡಿ ಒಳಗೇ ಹೊಕ್ಕುಬಿಟ್ಟ. ಅಲ್ಲಿ ನಿಂತು ಮೀಸಿ ತಿರುವಿ, ಬಾ ನೋಡೋಣ ಅಂತ ಅಬ್ಬರಿಸಿದ.

ನಾನು ಮೆಟ್ಟಿಲ ಮುಂದ ಕತ್ತಿ ಊರಿ ಕುಂತೆ.

ಮಾಸ್ತರು ಅದೇ ಪದ ಮತ್ತ ಮತ್ತ ಹಾಡಿದ್ರು. ಜನ ಗುಸುಗುಸು ಅಂದ್ರು. ಹೊತ್ತು ಹುಟ್ಟೋದ್ರೊಳಗ ರಾಕ್ಷಸ ಸಾಯಬೇಕು, ಇಲ್ಲಂದ್ರ ಊರಿಗೆ ಕೇಡು ಅನ್ನೋದು ಅಲ್ಲಿಯ ನಂಬಿಕಿ. ಗೌಡಗ ತನ್ನ ತಪ್ಪು ತಿಳೀತು, ಮೆಲ್ಲಕ ಹೊಸ್ತಿಲು ದಾಟಾಕ ನೋಡಿದ. ಆರತಿ ಹಿಡಿದಿದ್ದ ಮುದುಕಿ ಒಬ್ಬಾಕಿ ಅಡ್ಡ ನಿಂತು, ತಾನಾಗಿ ನಡ್ಕೊಂಡು ಬಂದು ಸಾಯೋ ರಾಕ್ಷಸನ್ನ ಎಲ್ಲಿ ಕಂಡೀರಿ, ಒಳಗ ನಡಿ ಅಂತ ಗದರಿಸಿದ್ಲು. ಮಾಸ್ತರು ಹಾರ್ಮೋನಿಯಂ ಬಿಡದೇ, ದೇವಿನೇ ಹೋಗಿ ಕೊಲ್ತಾಳ ಅಂತ ಪದದಾಗ ಐತಿ, ತಿದ್ದಾಕ ಬರಂಗಿಲ್ಲ ಅಂದ್ರು.

ಊರ ಹಿರಿಯರು ನನ್ನ ಕಡೆ ಬಂದು, ಏಳವ್ವ, ಹೋಗಿ ಕೊಲ್ಲು ಅಂದ್ರು. ಬ್ಯಾಡ ಅಂದಾಂವ ಒಳಗ ಅದಾನ, ಅವನೇ ಕರೀಲಿ ಅಂದೆ. ಮೂಡಲ ಕೆಂಪಾತು. ಗೌಡ ಗದಿ ಕೆಳಗಿಟ್ಟು ಎರಡೂ ಕೈ ಮುಗಿದ.

“ಬಾರವ್ವ ತಾಯಿ. ಒಳಗ ಬಂದು ನನ್ನ ಕೊಲ್ಲವ್ವ.”

ಹತ್ತಿದೆ, ಕೊಂದೆ. ಏಟು ಸ್ವಲ್ಪ ಜೋರೇ ಬಿತ್ತು, ಸುಳ್ಳು ಯಾಕ ಹೇಳ್ಲಿ. ಆಮ್ಯಾಲೆ ತಲಿ ಎತ್ತಿ ನೋಡಿದೆ. ಮೊಳ ಉದ್ದದ ಕರೇ ಕಲ್ಲು, ಎರಡು ಬೆಳ್ಳಿ ಕಣ್ಣು. ಇಷ್ಟೇ ಅದಾಳ ಅಕಿ. ನನಗ ಅಳು ಬಂತು, ಸಿಟ್ಟೂ ಬಂತು, ಇಷ್ಟು ಸಣ್ಣಾಕಿನ್ನ ನನ್ನಿಂದ ಮುಚ್ಚಿಡಾಕ ಅಷ್ಟು ದೊಡ್ಡ ಬಾಗಲಾ ಅಂತ. ಅವಸರ ಮಾಡ್ಲಿಲ್ಲ, ಕಣ್ತುಂಬ ನೋಡಿದೆ.

ಪೂಜಾರಿ ನೀರಿನ ತಂಬಿಗಿ ಹಿಡ್ಕೊಂಡು ಬಂದ. ಗುಡಿ ಮೈಲಿಗಿ ಆಗೈತಿ, ಶುದ್ಧಿ ಮಾಡಬೇಕಾಗ್ತೈತಿ ಅಂತ ನನ್ನ ಕಡೆ ನೋಡ್ಕೊಂತ ತೊದಲಿದ.

“ಮಾಡ್ರಿ, ಯಾರು ಬ್ಯಾಡಂದ್ರು,” ಅಂದೆ. “ಆದ್ರ ನನಗಿಂತ ಮೊದಲು ಒಳಗ ಹೊಕ್ಕಾಂವ ರಾಕ್ಷಸ. ಅವನಿಂದ ಶುರು ಮಾಡ್ರಿ.”

ಪೂಜಾರಿಗೆ ಅದು ನ್ಯಾಯ ಅನ್ನಿಸ್ತು. ತಂಬಿಗಿ ತುಂಬ ನೀರು ಗೌಡನ ಮಾರಿ ಮ್ಯಾಲೆ ಸುರುವಿದ. ಮಂಗಳ ಹಾಡಿ ಮುಗಿಸೋತನಕ ಸತ್ತ ರಾಕ್ಷಸ ಅಲುಗಾಡಂಗಿಲ್ಲ. ಮಂಗಳ ಹಾಡೋಳು ನಾನು. ಅವತ್ತು ಬಾಳ ನಿಧಾನಕ್ಕ ಹಾಡಿದೆ.