ಮೂರು ಸೀರೆ ಉದ್ದದ ಕಟಕಟೆ

ನಮ್ಮ ಕಾಕಾ ಜೀವಮಾನದಲ್ಲಿ ಪರೀಕ್ಷೆ ಮಾಡದೆ ಒಪ್ಪಿಕೊಂಡದ್ದು ಒಬ್ಬರನ್ನೇ, ತಮ್ಮ ಹೆಂಡತಿಯಾದ ನಮ್ಮ ಕಾಕುವನ್ನು. ಅದೂ ಹಿರಿಯರು ಅವಕಾಶ ಕೊಡಲಿಲ್ಲವೆಂದು! ಉಳಿದಂತೆ, ಹೊರಸು ಕೊಳ್ಳುವ ಮುಂಚೆ ಅಂಗಡಿಯಲ್ಲೇ ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದವರು ಅವರು. ಜತ್ತದ ಸಂತೆಯಲ್ಲಿ ಚಪ್ಪಲಿ ಮೆಟ್ಟಿ, ನಮ್ಮೂರು ಸೋನ್ಯಾಳದ ಮನೆಯವರೆಗೆ ಅದರಲ್ಲೇ ಬಂದು, ಮರುವಾರ 'ಕಚ್ಚತಾವು' ಎಂದು ಹಿಂದಿರುಗಿಸಿದವರು. ಇಂಥವರು ಮಾಳಿಗೆಯ ಅಂಚಿಗೆ ಕಬ್ಬಿಣದ ಕಟಕಟೆ ಹಾಕಿಸಲು ಹೊರಟರೆ ಏನಾಗಬೇಡ?

ಕಟಕಟೆ ಬೇಕಾದದ್ದು ಕಾಕುವಿಗಾಗಿ. ತೊಂಬತ್ತರ ದಶಕದಲ್ಲಿ ಕಾಕಾ ಮಣ್ಣಿನ ಮಾಳಿಗೆ ಇಳಿಸಿ ಸ್ಲ್ಯಾಬ್ ಹಾಕಿಸಿದ್ದರು. ಬೇಸಿಗೆ ಬಂತೆಂದರೆ ಮನೆಮಂದಿಯೆಲ್ಲ ಮೇಲೆ ಮಲಗುವವರು. ಆದರೆ ಕಾಕುವಿನ ಕಣ್ಣು ವರ್ಷದಿಂದ ವರ್ಷಕ್ಕೆ ಮಂಜಾಗುತ್ತ ಬಂತು. ಇನ್ನು ಸುಧಾರಿಸುವುದಿಲ್ಲ ಎಂದು ಮಿರಜದ ಡಾಕ್ಟರು ಹೇಳಿದ ಮೇಲೆ ಕಾಕಾ ಅವರನ್ನು ಮಾಳಿಗೆ ಹತ್ತಗೊಡಲಿಲ್ಲ. ಅಂಚಿಗೆ ಅಡ್ಡ ಏನೂ ಇರಲಿಲ್ಲವಲ್ಲ.

"ಒಳಗ ಉಸರ ಕಟ್ಟತೈತ್ರಿ. ಮ್ಯಾಲಿನ ಗಾಳಿ ನನಗ ಇನ್ನ ಇಲ್ಲೇನು?" ಎಂದು ಕಾಕು ಒಂದು ದಿನ ಕೇಳಿದರು. ಕಾಕಾ ಮರುದಿನ ಬೆಳಿಗ್ಗೆ ಮಾಳಿಗೆ ಅಳೆಯಲು ನಿಂತರು.

ಟೇಪಿನ ಮೇಲೆ ಅವರಿಗೆ ನಂಬಿಕೆಯಿಲ್ಲ. ಜಗ್ಗಿದರೆ ಬರುತ್ತದೆ, ಬಿಟ್ಟರೆ ಓಡುತ್ತದೆ, ಅಂಥದ್ದನ್ನು ನಂಬುವುದು ಹೇಗೆ? ಕಾಕುವಿನ ಇಳಕಲ್ ಸೀರೆಗಳನ್ನು ತಂದು ಅಂಚಿನುದ್ದಕ್ಕೂ ಒಂದರ ಹಿಂದೊಂದು ಹಾಸಿದರು. ಗಾಳಿಗೆ ಹಾರದಂತೆ ಸೆರಗು ಹಿಡಿದು ಕೂತವನು ನಾನು. ಸುತ್ತಳತೆ ಸರಿಯಾಗಿ ಮೂರು ಸೀರೆ ಬಂತು. ಒಂದು ಸೀರೆಯನ್ನು ಮಾದರಿಗೆಂದು ಬಗಲಿಗೆ ಸಿಕ್ಕಿಸಿಕೊಂಡು ಜತ್ತದ ವೆಲ್ಡಿಂಗ್ ಅಂಗಡಿಗೆ ನಡೆದರು. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ, ಇನ್ನೊಂದು ಬಗಲಲ್ಲಿ ಆಡಿನ ಮರಿ!

"ಇಂಥಾ ಮೂರು ಸೀರಿ ಪೈಪ್ ಬೇಕ್ರಿ ಚಾಚಾ," ಎಂದರು.

ಅಂಗಡಿಯ ಚಾಚಾ ಸೀರೆ ನೋಡಿದರು, ಮರಿಯನ್ನೂ ನೋಡಿದರು. "ಕುಂದ್ರಿ ಕಾಕಾ. ಮೊದಲ ಒಂದೀಟ ನೀರ ಕುಡೀರಿ."

ಸೀರೆಯನ್ನು ಅಳೆದು ಮೂರರಿಂದ ಗುಣಿಸಿದ್ದಾಯಿತು. ಇನ್ನು ಎತ್ತರ.

"ಎಲ್ಲಾರೂ ಸೊಂಟದ ಮಟ ಹಾಕಸ್ತಾರ್ರಿ."

"ಯಾರ ಸೊಂಟ?" ಎಂದರು ಕಾಕಾ. "ಸೊಂಟದ ಮಟ ಇದ್ರ ಮಂದಿ ಬಗ್ಗಿ ನೋಡ್ತಾರ. ಬಗ್ಗಿದ್ರ ಬೀಳ್ತಾರ. ನಮ್ಮಾಕಿ ಎದಿ ಮಟ ಇರ್ಲಿ."

ಮರಿಯನ್ನು ತಂದದ್ದು ಸರಳುಗಳ ನಡುವಿನ ಸಂದು ಗೊತ್ತುಮಾಡಲು. ಶಾಲೆಯ ಸೂಟಿಗೆ ಮೊಮ್ಮಕ್ಕಳು ಬಂದು ಅಜ್ಜಿಯ ಮಗ್ಗುಲಲ್ಲೇ ಮಲಗುತ್ತಾರೆ. ಮರಿಯ ತಲೆ ಹೋಗದ ಸಂದಿನಲ್ಲಿ ಕೂಸಿನ ತಲೆಯೂ ಹೋಗುವುದಿಲ್ಲ ಎಂಬುದು ಕಾಕಾನ ಲೆಕ್ಕ. ಅಂಗಡಿಯಲ್ಲಿ ಮಾರಲು ನಿಲ್ಲಿಸಿದ್ದ ಗ್ರಿಲ್ಲಿನ ಮುಂದೆ ಮರಿಯನ್ನು ಬಿಟ್ಟರೆ, ಅದು ತಲೆಯಲ್ಲ, ಇಡೀ ಮೈಯನ್ನೇ ತೂರಿಸಿ ಆಚೆ ಹೋಗಿ ಚಾಚಾನ ಬುತ್ತಿಯ ರೊಟ್ಟಿಗೆ ಬಾಯಿ ಹಾಕಿತು.

"ನೋಡ್ರಿ, ಭಾಳ ಅಗಲ ಆತು," ಎಂದು ಕಾಕಾ ಗೆದ್ದವರಂತೆ ಹೇಳಿದರು. ಪಾಪ, ಚಾಚಾ ಅವತ್ತು ಚಹಾದ ಮೇಲೆಯೇ ಮಧ್ಯಾಹ್ನ ಕಳೆದರು.

ಅಂತೂ ಕಟಕಟೆ ಕೂತಿತು. ಕೂತ ಮೇಲೆ ನೋಡಿದರೆ ಅರ್ಧ ಸೀರೆಯಷ್ಟು ಪೈಪು ಉಳಿದಿದೆ! ಕಾಕಾ ಚಾಚಾನನ್ನು ನೋಡಿದರು, ಚಾಚಾ ಕಾಕಾನನ್ನು.

ಕೆಳಗೆ ಕಟ್ಟೆಯ ಮೇಲಿದ್ದ ಕಾಕು ನಕ್ಕರು. "ನೀವು ಹಾಸಿ ಅಳದ ಹಸರ ಸೀರಿ ಅರ್ಧ ಕತ್ತರಿಸಿ ಕೌದಿಗಿ ಹಾಕೇನ್ರಿ. ನನ್ನ ಕೇಳಿದ್ರ ಹೇಳ್ತಿದ್ನಿ. ಅದಿರ್ಲಿ, ನಾ ಮ್ಯಾಲ ಹತ್ತೂದು ಹೆಂಗ? ಪಾವಟಿಗಿಗೆ ಹಿಡಕೊಳ್ಳಾಕ ಏನ್ ಐತಿ?"

ಮಾಳಿಗೆಯ ನಾಲ್ಕೂ ದಿಕ್ಕು ಕಾದ ಕಾಕಾ ಮೆಟ್ಟಿಲನ್ನೇ ಮರೆತಿದ್ದರು. ಆದರೆ ಸೋಲುವ ಆಸಾಮಿಯೇ? ಉಳಿದ ಪೈಪನ್ನು ಕಣ್ಣಳತೆಯಲ್ಲಿ ಮೆಟ್ಟಿಲಿಗೆ ಹೋಲಿಸಿ, "ಅದಕ್ಕಂತನ ಹೆಚ್ಚಿಗಿ ತಂದೀನಿ," ಎಂದುಬಿಟ್ಟರು.

ಉಳಿದದ್ದು ಗಟ್ಟಿತನದ ಪರೀಕ್ಷೆ. ಊರಿನ ಮೂವರು ಭಾರಿ ಆಳುಗಳನ್ನು ಕಾಕಾ ಮಾಳಿಗೆಯ ಮೇಲೆ ಚಹಾಕ್ಕೆ ಕರೆದರು. "ಒರಗ್ರಿ, ಆರಾಮ ಒರಗ್ರಿ," ಎಂಬ ಅಂದಿನ ಉಪಚಾರ ಬೀಗರಿಗೂ ಸಿಕ್ಕಿರಲಿಕ್ಕಿಲ್ಲ. ಮೂವರೂ ಒರಗಿ ಚಹಾ ಹೀರುವಾಗ ಒಬ್ಬರು ಕತ್ತು ಚಾಚಿ ಕೆಳಗೆ ನೋಡಿ ಕೇಳಿದರು, "ಕಾಕಾ, ದನದ ವರ್ಷದ ಮೇವು, ಕಣಕಿ ಎಲ್ಲಾ ನಮ್ಮ ಕೆಳಗ ಯಾಕ ಒಟ್ಟೀರಿ?"

ಚಹಾ ಅಲ್ಲಿಗೆ ಮುಗಿಯಿತು. ಕಟಕಟೆ ಮಾತ್ರ ಅಲುಗಲಿಲ್ಲ.

ಮರುದಿನ ಸಂಜೆ ಕಾಕು ಮಾಳಿಗೆ ಹತ್ತಿದರು. ಒಂದು ಕೈ ಪೈಪಿನ ಮೇಲೆ. ಇನ್ನೊಂದು ಕೈಯನ್ನು ಕಾಕಾ ಹಿಡಿದಿದ್ದರು. ನಮ್ಮ ಕಡೆ ಗಂಡ ಹೆಂಡತಿ ಮಂದಿಯ ಮುಂದೆ ಕೈ ಹಿಡಿಯುವುದಿಲ್ಲ. ಹಿತ್ತಲಲ್ಲಿ ನಿಂತ ನೆರೆಮನೆಯವರೆಲ್ಲ ನೋಡುತ್ತಿದ್ದರು, ಕಾಕಾ ಬಿಡಲಿಲ್ಲ. ಹಾಗೆಯೇ ಒಂದು ಸುತ್ತು ಬಂದರು. ಕಾಕುವಿನ ಮುಖಕ್ಕೆ ಗಾಳಿ ಬಡಿಯುತ್ತಿತ್ತು.

"ಇಷ್ಟ ಗಟ್ಟಿ ಮಾಡಸೀರಿ. ಮತ್ತ ನನ್ನ ಕೈ ಯಾಕ ಹಿಡದೀರಿ?" ಎಂದು ಕಾಕು ಮೆಲ್ಲಗೆ ಕೇಳಿದರು.

"ಕಟಕಟಿ ಗಟ್ಟೇ ಐತಿ," ಎಂದರು ಕಾಕಾ. "ನನಗ ಧೈರ್ಯ ಸಾಲವಲ್ದು."

ಕಾಕು, "ಹಂಗಾದ್ರ ಇನ್ನೊಂದ ಸುತ್ತ ಹಾಕೂಣ ನಡೀರಿ," ಎಂದರು.