ಎಕ್ಸ್ ನನ್ನದು, ವೈ ಅವರದು

ನಗಬಾರದ ಹೊತ್ತಿನಲ್ಲೇ ನಗು ಬರುವಂಥದ್ದು ನಮ್ಮ ಮನೆಯಲ್ಲಿ ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ. ಒಂದಕ್ಕೆ ಅತ್ತು ಮುಗಿಸುವುದರೊಳಗೆ ಇನ್ನೊಂದು ಬಂದು ನಿಂತಿರುತ್ತದೆ.

ನನ್ನ ಆರು ವರ್ಷದ ಮಗ ಅಂಗಳದಲ್ಲಿ ಬಿದ್ದು ನಾಲಿಗೆ ಕಚ್ಚಿಕೊಂಡ. ಎರಡು ದಿನವಾದರೂ ರಕ್ತ ನಿಲ್ಲಲಿಲ್ಲ. ಬೈಲಹೊಂಗಲದಿಂದ ಬೆಳಗಾವಿಯ ದೊಡ್ಡ ದವಾಖಾನೆಗೆ ಓಡಿದೆವು. ಹಿಮೋಫಿಲಿಯಾ ಅಂದರು. ರಕ್ತ ಹೆಪ್ಪುಗಟ್ಟದ ರೋಗ, ಜನ್ಮಪೂರ್ತಿ ಇರುವಂಥದ್ದು.

ಉಳಿದ ಮೂವರು

ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದರು. "ತಾಯಿ ಹತ್ರ ಎರಡು ಎಕ್ಸ್ ಕ್ರೋಮೋಸೋಮ್ ಇರ್ತಾವು. ಒಂದು ಕೆಟ್ಟಿದ್ರೂ ಇನ್ನೊಂದು ಸಂಭಾಳಸ್ತದ. ಗಂಡು ಮಗಗ ಇರೋದು ಒಂದ ಎಕ್ಸ್, ಅದೂ ತಾಯಿದು. ತಂದಿ ಕೊಡೋದು ವೈ. ಆ ಕೆಟ್ಟ ಎಕ್ಸ್ ಬಂತಂದ್ರ ಮಗಗ ರೋಗ, ಛಲೋದು ಬಂದ್ರ ಪಾರು."

ಕೆಳಗೆ ನಾಲ್ಕು ಗೊಂಬೆ ಬರೆದರು, ಎರಡು ಹೆಣ್ಣು, ಎರಡು ಗಂಡು. ಒಂದು ಗಂಡಿಗೆ ಮಾತ್ರ ಕೆಂಪು ಬಳಿದರು.

"ಹಂಗಾರ ನಾನ ಕೊಟ್ಟೇನೇನ್ರಿ?" ಅಂದೆ.

"ಇದರಾಗ ನಿಮ್ಮ ತಪ್ಪಿಲ್ಲ ತಂಗಿ," ಅಂದರು.

ಅಲ್ಲಿಯತನಕ ಚಿತ್ರವನ್ನೇ ನೋಡುತ್ತಿದ್ದ ನನ್ನ ಗಂಡ ಬಾಯಿಬಿಟ್ಟರು: "ಸಾಹೇಬ್ರ, ನಮಗಿರೋದು ಒಬ್ಬನ ಮಗ. ಈ ಉಳಿದ ಮೂರು ಮಂದಿ ಯಾರ್ರಿ?"

ಅತ್ತೆಯ ಲೆಕ್ಕ

ತಾಯಿಯಿಂದ ಬರುತ್ತದೆ ಎನ್ನುವುದಷ್ಟೇ ಅತ್ತೆಯ ತಲೆಯಲ್ಲಿ ಉಳಿಯಿತು. ಮಗ ಊಟ ಬಿಟ್ಟರೆ ನನ್ನ ಎಕ್ಸು, ಹಟ ಮಾಡಿದರೆ ನನ್ನ ಎಕ್ಸು. ಆಜೂಬಾಜೂದವರ ಮುಂದೆಲ್ಲ ಹೇಳಿ ಬಂದರು. ನಾನು ರೊಟ್ಟಿ ಬಡಿಯುತ್ತಾ ಹಿಟ್ಟಿನೊಳಗೇ ಕಣ್ಣೀರು ಹಾಕುತ್ತಿದ್ದೆ.

ಒಮ್ಮೆ ಮಗ ಶಾಲೆಯಲ್ಲಿ ಕಂಠಪಾಠಕ್ಕೆ ಮೊದಲ ಬಹುಮಾನ ತಂದ. ಅತ್ತೆ ಅವನನ್ನು ಅಪ್ಪಿಕೊಂಡು ಅಂದರು: "ಇದು ನಮ್ಮ ವೈ!"

ಯಾರಿಂದ ದೂರ?

ಆಟ ಆಡಿಸುವಾಗ ಜೋಪಾನ ಎಂದು ಹೇಳಲು ಶಾಲೆಗೆ ಹೋದೆ. ಹೆಡ್‌ಮಾಸ್ತರು ಕುರ್ಚಿ ಹಿಂದೆ ಸರಿಸಿದರು.

"ಬಾಜೂಕ ಕುಂತವರಿಗೆ ಹತ್ತತೈತೇನ್ರಿ?"

"ಇಲ್ರಿ ಸರ್, ಅಂಟೂ ರೋಗ ಅಲ್ಲ. ತಾಯಿಯಿಂದ ಮಗಗ ಬರ್ತೈತಿ."

ಸರ್ ಕುರ್ಚಿಯನ್ನು ಇನ್ನಷ್ಟು ಹಿಂದೆ ಸರಿಸಿದರು. "ಹಂಗಾರ ಹುಡುಗ ಒಳಗ ಕುಂದ್ರಲಿ. ನೀವು ಗೇಟಿನ ಹೊರಗ ನಿಂದರ್ರಿ."

ತವರಿಗೆ ಕಳಿಸುವ ಮಾತು

ಕಡೆಗೆ ಅತ್ತೆ, "ಈಕಿನ್ನ ತವರಿಗೆ ಕಳಸೂಣು, ನನ್ನ ಮಗಗ ಬ್ಯಾರೆ ಕನ್ಯಾ ನೋಡೂಣು," ಅಂದರು. ಗಂಡ ಹ್ಞೂಂ ಅನ್ನಲಿಲ್ಲ, ಊಹ್ಞೂಂ ಅಂತಲೂ ಅನ್ನಲಿಲ್ಲ. ನನಗೆ ಅದೇ ಹೆಚ್ಚು ಉರಿಯಿತು.

ಸುದ್ದಿ ತಿಳಿದು ಮುನವಳ್ಳಿಯಿಂದ ನನ್ನ ಸೋದರಮಾವ ಬಂದ. ಅವ್ವನ ಒಡಹುಟ್ಟಿದ ಅಣ್ಣ. ಪಡಸಾಲೆಯಲ್ಲಿ ಕುಳಿತವನೇ ಗುಡುಗಿದ: "ನಮ್ಮ ಕಡೆ ಇಂಥಾ ರೋಗ ಯಾರಿಗೂ ಇಲ್ಲ! ನಮ್ಮದು ಗಟ್ಟಿ ರಕ್ತ!"

ಮಾತು ಸ್ಪಷ್ಟ ಬರುತ್ತಿರಲಿಲ್ಲ. ದವಡೆಯಲ್ಲಿ ಹತ್ತಿ ಇತ್ತು. ಎದ್ದು ಹೋಗಿ ಬಚ್ಚಲಲ್ಲಿ ಉಗುಳಿ ಬಂದ. ಎಲ್ಲ ಕೆಂಪು.

"ಏನಾತು ಮಾವಾ?"

"ಹಲ್ಲು ಕೀಳಿಸೇನಿ. ನಾಕು ದಿನ ಆತು, ರಕ್ತ ನಿಂದರವಲ್ದು. ಆ ಡಾಕ್ಟರನ ಕೈ ಸರಿ ಇಲ್ಲ."

ನಾನು ಕೈ ಮುಗಿದು ಬೆಳಗಾವಿಗೆ ಕರೆದೆ. ಮಾವ ಬರಲೊಲ್ಲ. "ಇದು ಹೆಣ್ಮಕ್ಕಳ ಕಡಿಂದ ಬರೋ ರೋಗ. ನಾ ಗಂಡಸ, ನನಗ್ಹೆಂಗ ಬರ್ತೈತಿ?"

ಎಳೆದುಕೊಂಡೇ ಹೋದೆವು. ಅಲ್ಲಿ ಇಂಜೆಕ್ಷನ್ ಕೊಟ್ಟು ರಕ್ತ ನಿಲ್ಲಿಸಿದರು. ವಾರದ ಮೇಲೆ ರಿಪೋರ್ಟ್ ಬಂತು: ನನ್ನ ಮಗನಿಗಿರುವುದೇ ಮಾವನಿಗೂ. ನನ್ನ ಪರ ಮಾತಾಡಲು ಬಂದ ಒಬ್ಬನೇ ಒಬ್ಬ ನನ್ನ ವಿರುದ್ಧದ ಸಾಕ್ಷಿಯಾಗಿದ್ದ. ಇನ್ನು ತವರಿಗೆ ಹೊರಡಲು ಗಂಟು ಕಟ್ಟುವುದೇ ಎಂದುಕೊಂಡೆ.

ಮಾವ ನಮ್ಮ ಪಡಸಾಲೆಯಲ್ಲೇ ಕುಸಿದು ಕುಳಿತ. "ನನಗ ಇದು ಯಾರಿಂದ ಬಂತವಾ?"

"ನಿಮ್ಮ ಅವ್ವನಿಂದ, ಮಾವಾ."

ಅವನು ಅತ್ತೆಯ ಕಡೆ ತಿರುಗಿ, ತೀರಾ ಕಕ್ಕುಲತೆಯಿಂದ ಕೇಳಿದ: "ಅಕ್ಕಾರ, ನಮ್ಮವ್ವ ಸತ್ತು ಇಪ್ಪತ್ತು ವರ್ಷ ಆತ್ರಿ. ಆಕಿನ್ನ ಈಗ ಯಾವ ತವರಿಗೆ ಕಳಸ್ಲಿ?"

ಅತ್ತೆ ನನ್ನ ಮುಖ ನೋಡಿದರು, ಮಾವನ ಮುಖ ನೋಡಿದರು. ಕಡೆಗೆ ನಿಟ್ಟುಸಿರು ಬಿಟ್ಟು ಅಂದರು:

"ಇರ್ಲಿ ಬಿಡ್ರಿ ಅಣ್ಣಾರ. ನಿಮ್ಮವ್ವ, ನಮ್ಮ ಸೊಸಿ, ಇಬ್ಬರೂ ಇದ್ದಲ್ಲೇ ಇರ್ಲಿ."