ಮಂಚದ ಪಕ್ಕ ಕೂತು ಆಡು ಮೇಯಿಸಿದ ಮಾವ

ಆಡು ಮೇಯಿಸೋಕೆ ಕಾಲು ಬೇಕು, ಕೈಯಲ್ಲೊಂದು ಕೋಲು ಬೇಕು ಅಂತ ನಂಬಿದ್ದೀರಾ? ಹಾಗಾದರೆ ನೀವು ಬಂಡಳ್ಳಿಯ ನಮ್ಮ ಸೋದರಮಾವನನ್ನು ನೋಡಿಲ್ಲ. ಅವರು ಮೂವತ್ತು ಆಡುಗಳನ್ನು ಮನೆಯೊಳಗೆ ಮಂಚದ ಪಕ್ಕ ಕೂತು, ಟೀ ಹೀರುತ್ತಾ ಮೇಯಿಸುತ್ತಿದ್ದ ಮಹಾನುಭಾವರು!

ಮಂಚದ ಮೇಲೆ ಮಲಗಿದ್ದವರು ನಮ್ಮತ್ತೆ. ಲಕ್ವ ಹೊಡೆದು ಬಲಭಾಗ ಪೂರ್ತಿ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಎಡಗೈ ಒಂದು ಆಡುತ್ತಿತ್ತು. ಆಡುಗಳು ಅವರವೇ. ಒಂದೊಂದು ಮರಿಯನ್ನೂ ಸೆರಗಿನಲ್ಲಿ ಒರೆಸಿ ಸಾಕಿದ್ದರು. ನಾನು ಒಂದು ದಿನ "ಮಾರ್ಬುಡಿ ಮಾವ" ಅಂದೆ. ಮಾವ ಉರಿದುಬಿದ್ದರು.

"ಆಡ ಮಾರುದ್ರೆ ಇವ್ಳು ಅವತ್ತೇ ಕಣ್ಮುಚ್ತಾಳೆ. ಮೇಯ್ಸಕೆ ಓದ್ರೆ, ಒಬ್ಬುಳ್ನೇ ಬುಟ್ಟಂಗಾಯ್ತದೆ, ಗಾಬ್ರಿಗೆ ಉಸ್ರು ಕಟ್ಕತದೆ. ಏನ್ ಮಾಡ್ಲಿ ಏಳ್ಲಾ ಅಳಿಯ?"

ಕೇಳಿದ್ದು ನನ್ನನ್ನು, ಉತ್ತರ ಮಾತ್ರ ಮಾವನ ಹತ್ತಿರ ಇತ್ತು! ಕೊಳ್ಳೇಗಾಲದಲ್ಲಿ ಮದುವೆ ಫೋಟೋ ತೆಗೆಯುವವನೊಬ್ಬನಿಗೆ ಎರಡು ಹೋತ ಕೊಟ್ಟು, ಅವನ ಹಳೇ ಡ್ರೋನ್ ಹೊತ್ತುಕೊಂಡು ಬಂದರು.

ಯಂತ್ರ ಅಂದಮೇಲೆ ಪೂಜೆ ಬೇಡವೇ? ಅದರ ಮೈತುಂಬ ವಿಭೂತಿ ಎಳೆದರು, ಕ್ಯಾಮೆರಾದ ಕಣ್ಣಿಗೂ ಸೇರಿಸಿ. ಹಾರಿಸಿದರೆ ಮೊಬೈಲಿನಲ್ಲಿ ಬರೀ ಬಿಳುಪು. "ಮಂಜು ಬಿದ್ದದೆ ಕಣ್ಲಾ" ಅಂದರು. ಮಟಮಟ ಮಧ್ಯಾಹ್ನ! ಡ್ರೋನ್ ಹೋಗಿ ಹುಣಸೆಮರಕ್ಕೆ ಸಿಕ್ಕಿಕೊಂಡಿತು. ಹತ್ತಿ ಇಳಿಸಿದವನು ನಾನು. ಕಾಯಿಲೆ ಬಿದ್ದಮೇಲೆ ಅತ್ತೆ ಸೊಟ್ಟಬಾಯಲ್ಲಿ ನಕ್ಕಿದ್ದು ಅವತ್ತೇ ಮೊದಲು.

ಇನ್ನು ಅದರ ಸದ್ದು! ಗುಂಯ್ ಅಂತ ಥೇಟ್ ಹೆಜ್ಜೇನಿನದೇ. ಹೆಜ್ಜೇನು ಎದ್ದರೆ ಕಂಬಳಿ ಹೊದ್ದು ಬೋರಲು ಬೀಳೋದು ನಮ್ಮ ಕಡೆ ರೂಢಿ. ಮೊದಲ ದಿನ ಪಕ್ಕದ ಹೊಲದವನು ಕಂಬಳಿಯಿಲ್ಲದೆ ಕೆಸರು ಕಾಲುವೆಗೇ ಬೋರಲು ಬಿದ್ದ. ಎದ್ದು ಮಾವನ ವಂಶವನ್ನೆಲ್ಲ ಉದ್ಧಾರ ಮಾಡಿದ. ಬೆಳಿಗ್ಗೆ ಬಿಟ್ಟರೆ ತಾವೇ ಮೇಯೋಕೆ ಹೋಗುತ್ತಿದ್ದ ಆಡುಗಳಿಗೂ ಅದೇ ಭಯ. ಸದ್ದು ಕೇಳಿದ್ದೇ ಗೋಮಾಳದಿಂದ ನೇರ ಕೊಟ್ಟಿಗೆಗೆ ಓಟ. ಮಾವನಿಗೆ ಬೇಕಾಗಿದ್ದೂ ಅದೇ ತಾನೇ? ಅತ್ತೆಗೆ ಕಾಣುವಂತೆ ಮೊಬೈಲ್ ಹಿಡಿದು, "ನೋಡಮ್ಮಿ, ನಿನ್ ಮಕ್ಳು ಬತ್ತಾವೆ" ಅನ್ನುತ್ತಿದ್ದರು. ಊರೂ ಒಗ್ಗಿಕೊಂಡಿತು. ಗುಂಯ್ ಅಂದರೆ ಯಾರೂ ತಲೆ ಎತ್ತುತ್ತಿರಲಿಲ್ಲ.

ಆ ದಿನ ನಾನೂ ಎತ್ತಲಿಲ್ಲ. ಜೋಳದ ಹೊಲದಲ್ಲಿ ಕಳೆ ಕೀಳುತ್ತಿದ್ದೆ. ಗುಂಯ್ ಅಂತು. ಆಡುಗಳು ನನ್ನ ಪಕ್ಕದಲ್ಲೇ ಊರ ಕಡೆ ಓಡಿದವು. "ಮಾವೋ, ಒಸಿ ಕೆಳಿಕ್ಕೆ ಬಾ, ಮೂತಿ ತೋರುಸ್ತೀನಿ!" ಅಂತ ಆಕಾಶಕ್ಕೆ ಕೂಗಿ ನಕ್ಕೆ. ಮೊದಲ ಕೊಂಡಿ ಹುಬ್ಬಿಗೇ ಬಿತ್ತು. ಆಮೇಲೆ ಎಣಿಸುವವರು ಯಾರು?

ಮನೆಯಲ್ಲಿ ಡ್ರೋನ್ ಮಾವನ ಕಾಲ ಬುಡದಲ್ಲೇ ಇತ್ತು, ಬ್ಯಾಟರಿ ಚಾರ್ಜಿಗೆ ಹಾಕಿದ್ದರು. ಹಾರಿಸದೇ ಆಡು ಓಡಿಬಂದದ್ದು ನೋಡಿ, ಎದ್ದಿರೋದು ನಿಜವಾದ ಹೆಜ್ಜೇನೇ ಅಂತ ಅವರಿಗೆ ಹೊಳೆದುಹೋಯಿತು. ಹೊಲದಲ್ಲಿ ನಾನಿರೋದು ಇಬ್ಬರಿಗೂ ಗೊತ್ತು. ಮಾವ ಅತ್ತೆಯ ಮುಖ ನೋಡಿದರಂತೆ. ಅತ್ತೆ ಎಡಗೈ ಎತ್ತಿ ಗೂಟದಲ್ಲಿದ್ದ ಕಂಬಳಿ ತೋರಿಸಿದರಂತೆ.

ಅರವತ್ತು ದಾಟಿದ ಮನುಷ್ಯ ಎದ್ದುಬಿದ್ದು ಓಡಿಬಂದರು. ಕಂಬಳಿ ಒಬ್ಬನಿಗೇ ಸಾಲುತ್ತಿತ್ತು. ಅದನ್ನು ನನಗೆ ಹೊದಿಸಿ, ಮೇಲೆ ತಾವು ಬರಿಮೈಯಲ್ಲಿ ಕವುಚಿಕೊಂಡರು. "ಮಿಸುಕ್ಬ್ಯಾಡ ಕಣ್ಲಾ, ಮಿಸುಕ್ಬ್ಯಾಡ" ಅನ್ನುತ್ತಲೇ ಇದ್ದರು. ಆಮೇಲೆ ಆ ಮಾತೂ ನಿಂತಿತು.

ಹೊಗೆ ಹಾಕಿ ಜೇನು ಓಡಿಸಿ ಜನ ನಮ್ಮನ್ನು ಮನೆಗೆ ಹೊತ್ತು ತಂದರು. ನೋಡಿದರೆ ಅತ್ತೆ ಮಂಚದಿಂದ ಬಿದ್ದು, ತೆವಳಿಕೊಂಡು ಹೊಸ್ತಿಲವರೆಗೆ ಬಂದಿದ್ದರು. ಮೊಣಕೈ ಕಿತ್ತು ರಕ್ತ. ಮಾವನ ಎರಡು ಕಣ್ಣೂ ಊದಿ ಮುಚ್ಚಿದ್ದವು. "ಎಲ್ಲವ್ಳೆ? ಉಸ್ರಾಡ್ತಾವ್ಳಾ?" ಅಂತ ತಡಕಾಡಿದರು. ಅತ್ತೆ ಅವರ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಇರುವ ಒಂದೇ ಕೈಯಲ್ಲಿ ಕೊಂಡಿ ಕೀಳತೊಡಗಿದರು.

"ಒಬ್ಬುಳ್ನೇ ಬುಟ್ಟೋದೆ, ತೆಪ್ಪಾಯ್ತು ಕಣಮ್ಮಿ" ಅಂದರು ಮಾವ. ಅತ್ತೆ ಅವರ ಬಾಯಿ ಮುಚ್ಚಿದರು.

ಮಾವ ಬದುಕಿದರು, ಬಲಗಣ್ಣು ಹೋಯಿತು. ಡ್ರೋನನ್ನು ಮತ್ತೆ ಮುಟ್ಟಲಿಲ್ಲ. ಈಗ ದಿನಾ ಆಡು ಹೊಡೆದುಕೊಂಡು ಹೋಗೋನು ನಾನೇ. ಹೊರಡುವಾಗ ಮಾವ ಒಂದೇ ಕಣ್ಣಲ್ಲಿ ನನ್ನನ್ನು ಹುಡುಕಿ, "ಉಸಾರಾಗೋಗ್ಬಾ ಅಳಿಯ" ಅನ್ನುತ್ತಾರೆ. ಒಂದು ದಿನವಾದರೂ ಬಾಯಿತುಂಬ ಬೈಯಬಾರದಾ ಈ ಮನುಷ್ಯ?